ದೊರೆಯ ನಶ್ಯದ ಡಬ್ಬಿ ಮತ್ತು ಚೌಡಿಯ ಹುಯಿಲು

ಹೊಸದಾಗಿ ಖಾಕಿ ಹಾಕಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಕೊಲೆ ಕೇಸು. ಮೊನ್ನೆ ಪೊಲೀಸ್ ತರಬೇತಿ ಮುಗಿಸಿ ಬಂದ ನನ್ನ ತಂಗಿಯ ಮಗಳೂ ಅದನ್ನೇ ಕೇಳಿದಳು. "ಮಾವ, ನಿಮ್ ಸರ್ವೀಸಲ್ಲಿ ದೊಡ್ಡ ಮರ್ಡರ್ ಕೇಸ್ ಯಾವ್ದು?" ನಾನು ಆ ಮಗುವಿಗೆ ನಿರಾಸೆ ಮಾಡಬೇಕಾಯಿತು. ನಮ್ಮ ಗುಡ್ಡಗಳಲ್ಲಿ ಜನ ಒಬ್ಬರನ್ನೊಬ್ಬರು ನಾಲಗೆಯಲ್ಲೇ ಕೊಂದು ಮುಗಿಸುತ್ತಾರೆ, ಕತ್ತಿಯವರೆಗೆ ಕೆಲಸ ಬರುವುದು ಅಪರೂಪ. ನಾನು ಇಡೀ ಸರ್ವೀಸು ಸವೆಸಿದ್ದು ಮೂಡಿಗೆರೆಗೂ ಕಳಸಕ್ಕೂ ನಡುವಿನ ಠಾಣೆಗಳಲ್ಲಿ, ಕಳ್ಳತನದ ಕೇಸು ನೋಡುತ್ತಾ. ನಡುವೆ ಪೇದೆಯಿಂದ ದಫೇದಾರನಾಗಿ ಬಡ್ತಿ ಬಂತು, ಸಂಬಳದ ಜೊತೆ ಹೊಟ್ಟೆಯೂ ಹೆಚ್ಚಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಇಲ್ಲಿ ಕಳುವಾಗುವುದು ಏನು ಎಂದು ಮೊದಲು ತಿಳಿದುಕೊಳ್ಳಿ. ಸಿಪ್ಪೆ ಸುಲಿದು ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ, ಬಳ್ಳಿಯಲ್ಲಿದ್ದ ಕಾಳುಮೆಣಸು, ಹೊಳೆ ಬದಿಯ ಪಂಪ್‌ಸೆಟ್, ಬಚ್ಚಲುಮನೆಯ ತಾಮ್ರದ ಹಂಡೆ. ಮಳೆಗಾಲದ ಮದುವೆಮನೆಯಲ್ಲಿ ಕೊಡೆ ಹೋದರೆ ಅದನ್ನು ಯಾರೂ ಕಳ್ಳತನವೆಂದು ಬರೆಸುವುದಿಲ್ಲ, ಮುಂದಿನ ಮದುವೆಯಿಂದ ಇನ್ನೊಂದನ್ನು ಎತ್ತಿಕೊಂಡು ಬರುತ್ತಾರೆ. ಹೀಗೆ ನಮ್ಮ ತಾಲೂಕಿನ ಕೊಡೆಗಳೆಲ್ಲ ಸಾರ್ವಜನಿಕ ಆಸ್ತಿ.

ತರಬೇತಿಯಲ್ಲಿ ನಿಮಗೆ ಶ್ವಾನದಳದ ಬಗ್ಗೆ ಪಾಠ ಮಾಡಿರುತ್ತಾರೆ. ಒಮ್ಮೆ ಆಷಾಢದಲ್ಲಿ ಸಂಸೆ ಕಡೆಯ ತೋಟವೊಂದಕ್ಕೆ ಜಿಲ್ಲೆಯಿಂದ ನಾಯಿಯನ್ನು ಕರೆಸಿದರು. ನೋಡಲು ಊರಿಗೆ ಊರೇ ಸೇರಿತ್ತು. ನಾಯಿ ಗತ್ತಿನಿಂದ ಜೀಪಿಳಿದು, ನೆಲ ಮೂಸಿ, ಕಾಫಿ ಗಿಡಗಳ ನಡುವೆ ನುಗ್ಗಿತು. ಹಿಂದೆ ನಾವೆಲ್ಲ ಓಡಿದೆವು. ಸ್ವಲ್ಪ ದೂರ ಹೋಗಿ ನಿಂತು ಸೀನಿತು, ಮತ್ತೆ ಸೀನಿತು. ನೋಡಿದರೆ ಮೂಗಿನೊಳಗೆ ಇಂಬಳ, ಅಂದರೆ ನಮ್ಮ ಮಳೆಗಾಲದ ಜಿಗಣೆ, ಹೊಕ್ಕಿತ್ತು. ಅದನ್ನು ನಡೆಸಿಕೊಂಡು ಬಂದವರು ಬಯಲುಸೀಮೆಯವರು, ಇಂಬಳದ ಹೆಸರು ಕೇಳಿದ್ದರೇ ಹೊರತು ಮುಖ ನೋಡಿದವರಲ್ಲ. ನಾಯಿಯ ಮೂಗು ಬಿಡಿಸಲು ಬಗ್ಗಿದವರು ತಮ್ಮ ಬೂಟಿನ ಸಂದಿಯಲ್ಲಿ ರಕ್ತ ಕಂಡು ನಾಯಿಗಿಂತ ಜೋರಾಗಿ ಕೂಗಿದರು. ನಾಯಿ, ಅವರು ಇಬ್ಬರೂ ಹೋಗಿ ಜೀಪಿನಲ್ಲಿ ಕೂತವರು ಆಮೇಲೆ ಇಳಿಯಲೇ ಇಲ್ಲ. ಮಳೆಯಿಂದ ಸುಳಿವು ಅಳಿಸಿಹೋಗಿದೆ ಎಂದು ನಾವು ವರದಿ ಬರೆದೆವು. ಇಂಬಳಕ್ಕೆ ಸಲ್ಲಬೇಕಾದ ಕೀರ್ತಿ ಸಲ್ಲಲಿಲ್ಲ.

ಹಾಗಾದರೆ ಕಳ್ಳರನ್ನು ಹಿಡಿಯುತ್ತಿದ್ದದ್ದು ಹೇಗೆ? ನಿಜ ಹೇಳುತ್ತೇನೆ, ಹೆಚ್ಚಿನ ಸಲ ನಾವು ಹಿಡಿಯುತ್ತಲೇ ಇರಲಿಲ್ಲ. ಮಾಲು ತಾನಾಗಿ ವಾಪಸು ಬರುತ್ತಿತ್ತು.

ನಮ್ಮ ಠಾಣೆಯ ಮೇಲುಗಡೆ ಗುಡ್ಡದಲ್ಲಿ ಒಂದು ಚೌಡಿಯ ಬನವಿದೆ. ಸಾಮಾನು ಕಳೆದುಕೊಂಡವರು ನಮ್ಮಲ್ಲಿಗೆ ಬರುವ ಮೊದಲು ಅಲ್ಲಿಗೆ ಹೋಗುತ್ತಾರೆ. ಚೌಡಿಗೆ ದೂರು ಹೇಳುವುದನ್ನು ಹುಯಿಲು ಕೊಡುವುದು ಎನ್ನುತ್ತಾರೆ. ಅದಕ್ಕೆ ಮಂಗಳವಾರವೇ ಆಗಬೇಕು. ಕಳೆದುಕೊಂಡವರು ತಟ್ಟೆಯಲ್ಲಿ ಕಾಯಿ, ದಾಸವಾಳ ಇಟ್ಟುಕೊಂಡು ನಿಂತು, ಚೌಡಿಯ ಪರವಾಗಿ ಮಾತಾಡುವ ಪಾತ್ರಿ ಕೇಳಿದಾಗ ಮೂರು ಮಾತು ಹೇಳಬೇಕು: "ಹೋದದ್ದು ನನ್ನದು. ದುಡಿದು ಗಳಿಸಿದ್ದು. ಕದ್ದದ್ದಲ್ಲ." ಆಮೇಲೆ ಕಾಯಿ ಒಡೆದರೆ ಕಳ್ಳನ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಆದರೆ ಆ ಮೂರರಲ್ಲಿ ಒಂದು ಮಾತು ಸುಳ್ಳಾದರೂ ಹುಯಿಲು ತಿರುಗಿ, ಹೇಳಿದವರ ಮನೆಗೇ ಬರುತ್ತದೆ. ಕಳ್ಳನಿಗೂ ಒಂದು ದಾರಿ ಇಟ್ಟಿದ್ದಾರೆ: ಮಂಗಳವಾರಕ್ಕೆ ಮುಂಚೆ ಮಾಲನ್ನು ಎಲ್ಲಿಂದ ಎತ್ತಿದನೋ ಅಲ್ಲೇ ತಂದಿಟ್ಟರೆ ಅವನು ಬಚಾವ್.

ನನ್ನ ಕೆಲಸ ಇಷ್ಟೇ. ಕಳಸದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, "ಮಂಗಳವಾರ ಹುಯಿಲಂತೆ ಮಾರಾಯ," ಎಂದು ಯಾರ ಕಿವಿಗಾದರೂ ಹಾಕುವುದು. ಉಳಿದದ್ದನ್ನು ಜೀಪು ಡ್ರೈವರುಗಳು ನೋಡಿಕೊಳ್ಳುತ್ತಿದ್ದರು. ಅವರ ಮುಂದೆ ನಮ್ಮ ವೈರ್‌ಲೆಸ್ಸು ಏನೂ ಅಲ್ಲ. ಹೋದ ಹಂಡೆ ಮಾರನೇ ದಿನ ಒಲೆಯ ಮೇಲಿರುತ್ತಿತ್ತು, ಕೆಲವೊಮ್ಮೆ ತೊಳೆದು.

ಈ ಉಪಾಯ ಒಂದೇ ಒಂದು ಸಲ ನನ್ನ ಮೈಮೇಲೆ ಬಂತು. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು ಅದು.

ಕಲ್ಲುಹೊಳೆ ಎಸ್ಟೇಟಿನ ಬಂಗಲೆ ಬ್ರಿಟಿಷರ ಕಾಲದಲ್ಲಿ ಒಬ್ಬ ಬಿಳಿ ದೊರೆ ಕಟ್ಟಿಸಿದ್ದು. ಈಗಿನ ಮಾಲೀಕರು ಜಯರಾಮ ಗೌಡರು. ಒಳ್ಳೆಯವರು, ಆದರೆ ಬಂಗಲೆಯನ್ನು ಹೋಂಸ್ಟೇ ಮಾಡಿದ ಮೇಲೆ ಅವರಿಗೆ ಕಥೆ ಹೇಳುವ ಚಟ ಹತ್ತಿತು. ಹಜಾರದ ಗಾಜಿನ ಬೀರುವಿನಲ್ಲಿ ದೊರೆಯ ಬೆಳ್ಳಿಯ ನಶ್ಯದ ಡಬ್ಬಿಯೊಂದಿತ್ತು. ಮುಚ್ಚಳದ ಮೇಲೆ ಕುದುರೆಯ ಚಿತ್ರ. ಪ್ರತಿ ಶನಿವಾರ ಅತಿಥಿಗಳು ಬಂದ ಕೂಡಲೇ ಗೌಡರು ಅದನ್ನು ಅಂಗೈಯಲ್ಲಿಟ್ಟುಕೊಂಡು, ದೊರೆ ಸ್ವದೇಶಕ್ಕೆ ಹೊರಟಾಗ ತಮ್ಮ ಅಜ್ಜನನ್ನು ತಬ್ಬಿಕೊಂಡು ಅತ್ತು ಇದನ್ನು ನೆನಪಿಗೆಂದು ಕೊಟ್ಟ ಕಥೆ ಹೇಳುತ್ತಿದ್ದರು. ಅಜ್ಜ ಆ ದೊರೆಯ ಬಳಿ ರೈಟರಾಗಿದ್ದವರು, ಅಂದರೆ ತೋಟದ ಲೆಕ್ಕ ಬರೆಯುವವರು. ಕಥೆಯಲ್ಲಿ ದೊರೆ ಅಳುವುದು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿತ್ತು. ಕೊನೆಕೊನೆಗೆ ದೊರೆಯ ಕುದುರೆಯೂ ಅಳಲು ಶುರುಮಾಡಿತ್ತು.

ಒಂದು ಶನಿವಾರ ಬೀರು ತೆಗೆದರೆ ಡಬ್ಬಿಯಿಲ್ಲ.

ಬೀರುವಿನ ಬೀಗದ ಕೈ ಇದ್ದದ್ದು ಬಂಗಲೆಯ ಅಡುಗೆಯವಳಾದ ಗಿರಿಜಕ್ಕನ ಸೆರಗಿನಲ್ಲಿ. ಗೌಡರು ನಮಗೆ ದೂರು ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಸೋಮವಾರ ಬೆಳಗಿನ ಮಸ್ಟರಿಗೆ ಹೋದರು. ಮಸ್ಟರೆಂದರೆ ಕೆಲಸಕ್ಕೆ ಬಂದ ಆಳುಗಳೆಲ್ಲ ಸ್ಟೋರಿನ ಮುಂದೆ ಸೇರುವುದು, ಮೇಸ್ತ್ರಿ ಹೆಸರು ಕೂಗಿ ಹಾಜರಿ ಹಾಕುವುದು. ಗಿರಿಜಕ್ಕ ಅಲ್ಲಿ ಕೆಟಲು ಹಿಡಿದು ಎಲ್ಲರಿಗೂ ಕಾಫಿ ಹಂಚುತ್ತಿದ್ದಳು. ಅಷ್ಟು ಜನರ ಎದುರಿಗೆ ಗೌಡರು, "ಬೀಗದ ಕೈ ಯಾರತ್ರ ಇತ್ತೋ ಅವ್ರೇ ಡಬ್ಬಿ ಎಲ್ಲಿದೆ ಅಂತ ಹೇಳ್ಬೇಕು," ಎಂದುಬಿಟ್ಟರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೈಚಾಚಿ ನಿಂತಿದ್ದ ಹೆಂಗಸೊಬ್ಬಳು ಲೋಟ ಹಿಂದಕ್ಕೆ ತೆಗೆದುಕೊಂಡಳಂತೆ.

ನೀವು ಹೊಸಬರು ಇದನ್ನು ಗಮನಿಸಿ. ಡಬ್ಬಿ ಸಿಗದಿದ್ದರೆ ಗೌಡರಿಗೆ ಹೋಗುತ್ತಿದ್ದದ್ದು ಒಂದು ಕಥೆ. ಗಿರಿಜಕ್ಕನಿಗೆ ಈ ಗುಡ್ಡಗಳಲ್ಲಿ ಇನ್ನೊಂದು ಅಡುಗೆಮನೆ ಸಿಗುತ್ತಿರಲಿಲ್ಲ. ಕಳ್ಳಿ ಎಂಬ ಹೆಸರು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಬಸ್ಸಿಗಿಂತ ಮುಂಚೆ ಹೋಗಿ ಇಳಿದಿರುತ್ತದೆ.

ಆಗ ನಮ್ಮ ಎಸ್‌ಐ ಸಾಹೇಬರು ಬಯಲುಸೀಮೆಯಿಂದ ಹೊಸದಾಗಿ ಬಂದ ಯುವಕ. ಬುದ್ಧಿವಂತರು, ಓಡಾಡುವವರು, ಯಾವುದಕ್ಕೂ ಪುರಾವೆ ಬೇಕೆನ್ನುವವರು. ಮೊದಲು ಬಂಗಲೆಯ ಹೊರಬಾಗಿಲಿನ ಸಿಸಿಟಿವಿ ದೃಶ್ಯ ಹಾಕಿಸಿದರು. ತೆರೆಯ ತುಂಬಾ ಮಂಜು. ಸುಣ್ಣ ಬಳಿದ ಗೋಡೆಯನ್ನು ನೋಡಿದಂತೆ ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು. ಕೊನೆಗೆ ಕಪ್ಪಗೆ ಒಂದು ಆಕಾರ ಬಂತು. ಸಾಹೇಬರು, "ಸಿಕ್ಕಿಬಿದ್ದ!" ಎಂದು ಎದ್ದು ನಿಂತರು. ಅದು ಹಲ್ಲಿ. ಕ್ಯಾಮೆರಾದ ಕಣ್ಣಿನ ಮೇಲೆ ಆರಾಮಾಗಿ ಕೂತು, ಒಂದು ಹುಳ ಹಿಡಿದು, ಹೊರಟುಹೋಯಿತು. ಆ ದಿನ ಅಲ್ಲಿ ಯಾರಿಗಾದರೂ ಏನಾದರೂ ಸಿಕ್ಕಿದ್ದರೆ ಅದಕ್ಕೇ.

ಆಮೇಲೆ ಗಿರಿಜಕ್ಕನ ವಿಚಾರಣೆ. ಅವಳು ಅಳುವ ಪೈಕಿಯಲ್ಲ.

"ಸಾಹೇಬ್ರೆ, ನಶ್ಯದ ಡಬ್ಬಿ ತಗೊಂಡು ನಾನೆಂಥ ಮಾಡ್ಲಿ? ನಂಗೆ ಈ ಥಂಡಿಗೆ ಹಂಗೇ ಸೀನು ಬರ್ತದೆ."

"ಬೆಳ್ಳಿ ಅಲ್ವೇನಮ್ಮ? ಮಾರ್ಬೋದಲ್ಲ."

"ಅದ್ರ ಪಕ್ಕದಲ್ಲೇ ಬೆಳ್ಳಿ ಹರಿವಾಣ ಉಂಟು, ಆರತಿ ತಟ್ಟೆ ಉಂಟು. ಕದಿಯೋಳಾಗಿದ್ರೆ ತೂಕ ನೋಡಿ ಕದೀತಿದ್ದೆ. ಕುದುರೆ ನೋಡಿ ಅಲ್ಲ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಮಾಡಿನ ಹಂಚು ನೋಡಿದೆ.

ಜಗಲಿಯಲ್ಲಿ ಗೌಡರ ತಾಯಿ ದೇವೀರಮ್ಮನವರು ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದರು. ನಾವು ಹೋದಾಗಲೆಲ್ಲ, "ಗಿರಿಜೆ ತೆಗ್ದಿಲ್ಲ ಕಣ್ರಪ್ಪ," ಎನ್ನುತ್ತಾ ನಮ್ಮ ಮುಂದೆ ತಟ್ಟೆ ಸರಿಸುತ್ತಿದ್ದರು. ಸಾಹೇಬರು, "ಆಯ್ತಮ್ಮ, ನೋಡ್ತೀವಿ," ಎಂದು ಒಂದು ಅಡಿಕೆ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಸರಿಯಾಗಿ ಎರಡೆಲೆ ಮಡಿಚಿ, ಸುಣ್ಣ ಹಚ್ಚಿ, ಸಾವಕಾಶವಾಗಿ ಜಗಿಯುತ್ತಿದ್ದೆ. ಹಿರಿಯರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಬಾರದು.

ಪುರಾವೆ ಯಾವುದೂ ಸಿಗದೆ ಸಾಹೇಬರು ಕಂಗೆಟ್ಟಾಗ ನಾನು ಹುಯಿಲಿನ ಉಪಾಯ ಹೇಳಿದೆ. "ಇದೆಲ್ಲ ಯಾವ ಸೆಕ್ಷನ್ನಿನಲ್ಲಿ ಬರುತ್ತೆ ರೀ?" ಎಂದರು. "ಚೌಡಿ ಸೆಕ್ಷನ್ನು ಸರ್, ಜಾಮೀನಿಲ್ಲ," ಎಂದೆ. ಗೌಡರು ಮುಂದಿನ ಮಂಗಳವಾರ ಹುಯಿಲು ಕೊಡಲು ಒಪ್ಪಿದರು. ನಾನು ಕಳಸದ ಹೋಟೆಲಿನಲ್ಲಿ ಸುದ್ದಿ ಬಿಟ್ಟು ಬಂದೆ. ಆದರೆ ಆ ದಿನ ಬಿಸಿ ಬಿಸಿ ಗೋಳಿಬಜೆಯ ಗಡಿಬಿಡಿಯಲ್ಲಿ, ಹುಯಿಲು ಯಾರದ್ದು, ಹೋದದ್ದು ಏನು ಎಂದು ಹೇಳಲು ಮರೆತಿದ್ದೆ.

ಮಾರನೇ ಬೆಳಿಗ್ಗೆ ಠಾಣೆಗೆ ಬಂದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಆ ಸೀಮೆಯ ಕಳ್ಳರೆಲ್ಲ ಹುಯಿಲು ತಮಗೇ ಎಂದುಕೊಂಡಿದ್ದರು. ಎತ್ತಿದ ಮನೆಗೇ ಹೋಗಿ ಇಡುವ ಧೈರ್ಯವಿಲ್ಲದವರು ನಮ್ಮ ಮೆಟ್ಟಿಲಿಗೆ ತಂದು ಸುರಿದಿದ್ದರು. ಅರ್ಧ ಮೂಟೆ ಕಾಳುಮೆಣಸು, ಮುಚ್ಚಳವಿಲ್ಲದ ಕುಕ್ಕರು, ಒಂದು ಹೆಲ್ಮೆಟು, ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು, ರಾಶಿ ಕೊಡೆಗಳು. ಎಲ್ಲದರ ಮೇಲೆ ಒಂದು ಉದ್ದನೆಯ ಟಾರ್ಚು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಮ್ಮ ಠಾಣೆಯದೇ ಹೆಸರು.

ಸಾಹೇಬರು ಅದನ್ನು ತಿರುಗಿಸಿ ನೋಡಿದರು. "ಇದು ಯಾವಾಗ ಕಳುವಾಗಿತ್ತು ರೀ?"

"ಕಳುವಾಗಿತ್ತು ಅಂತ ಈಗಲೇ ಗೊತ್ತಾಯ್ತು ಸರ್."

ಕುಕ್ಕರಿನ ಮಹಜರು ಬರೆಯುವಷ್ಟರಲ್ಲಿ ಸಾಹೇಬರ ಪೆನ್ನಿನ ಶಾಯಿ ಮುಗಿಯಿತು. ಆದರೆ ನಗು ಅಲ್ಲಿಗೇ ನಿಂತಿತು, ಏಕೆಂದರೆ ಆ ರಾಶಿಯಲ್ಲಿ ನಶ್ಯದ ಡಬ್ಬಿ ಇರಲಿಲ್ಲ. ಬೀರುವಿಗೂ ಅದು ಬಂದಿರಲಿಲ್ಲ. ಊರಿನ ಲೆಕ್ಕಾಚಾರ ಸರಳ: ಇದ್ದಬದ್ದ ಕಳ್ಳರೆಲ್ಲ ಹೆದರಿ ಮಾಲು ತಂದಿಟ್ಟರು, ಹೆದರದೆ ಉಳಿದವಳು ಗಿರಿಜೆ ಒಬ್ಬಳೇ, ಎಂಥಾ ಗಟ್ಟಿಗಿತ್ತಿ ಇರಬೇಕು! ಅವಳನ್ನು ಉಳಿಸಲೆಂದು ಹೂಡಿದ ಉಪಾಯ ಅವಳ ಕುತ್ತಿಗೆಗೇ ಬಂತು. ಹುಯಿಲಿನ ಹಿಂದಿನ ದಿನ, ಸೋಮವಾರ, ಆಳುಗಳ ಲೈನಿನಲ್ಲಿದ್ದ ಅವಳ ಮನೆಗೆ ಹೋಗಿ, "ಗಿರಿಜಕ್ಕ, ಹುಯಿಲು ನಿಲ್ಸಕ್ಕೆ ಗೌಡ್ರಿಗೆ ಹೇಳ್ಲಾ?" ಎಂದು ಕೇಳಿದೆ.

"ಯಾಕೆ ನಿಲ್ಸೋದು ದಫೇದಾರ್ರೆ? ಕೊಡ್ಲಿ. ನಾನೂ ಬರ್ತೀನಿ. ಮುಂದಿನ ಸಾಲಲ್ಲೇ ನಿಲ್ತೀನಿ."

ಮಂಗಳವಾರ ಬನದಲ್ಲಿ ಎಸ್ಟೇಟಿಗೆ ಎಸ್ಟೇಟೇ ಸೇರಿತ್ತು. ಗೌಡರು ಪಂಚೆ ಉಟ್ಟು ತಟ್ಟೆ ಹಿಡಿದಿದ್ದರು. ಮಗನ ಪಕ್ಕದಲ್ಲಿ ದೇವೀರಮ್ಮನವರು, ಸೊಂಟದಲ್ಲಿ ಅವರ ಎಲೆಯಡಿಕೆ ಚೀಲ. ಗಿರಿಜಕ್ಕ ಹೇಳಿದಂತೆಯೇ ಮುಂದೆ ನಿಂತಿದ್ದಳು. ನಾನೂ ಸಾಹೇಬರೂ ಟೋಪಿ ತೆಗೆದು ಬದಿಗೆ ನಿಂತೆವು.

ಪಾತ್ರಿ ಕೇಳಿದರು. ಗೌಡರು ಗಂಟಲು ಸರಿಮಾಡಿಕೊಂಡು, "ಹೋದದ್ದು ನನ್ನದು," ಎಂದರು. ಮತ್ತೆ, "ದುಡಿದು ಗಳಿಸಿದ್ದು, ನಮ್ಮಜ್ಜ ನಿಯತ್ತಾಗಿ..." ಎನ್ನುವಾಗ ದೇವೀರಮ್ಮನವರು ಮಗನ ಬಾಯಿಯ ಮೇಲೆ ಕೈಯಿಟ್ಟರು. ತಟ್ಟೆಯಿಂದ ಕಾಯಿ ಉರುಳಿತು.

"ಮುಚ್ಚೋ ಬಾಯಿ! ಮನೆ ಹಾಳ್ಮಾಡ್ತೀಯಾ?"

ಚೀಲದೊಳಗೆ ಕೈ ಹಾಕಿ ಅವರು ತಮ್ಮ ಸುಣ್ಣದ ಡಬ್ಬಿ ತೆಗೆದರು. ಸೆರಗಿನಿಂದ ಅದರ ಮುಚ್ಚಳ ತಿಕ್ಕಿದರು. ಮೆತ್ತಿದ ಸುಣ್ಣ ಉದುರಿ ಮೊದಲು ಬಾಲ ಕಂಡಿತು, ಆಮೇಲೆ ಇಡೀ ಕುದುರೆ.

ಆ ಬೆಳಿಗ್ಗೆ ಅವರೇ ಕೊಟ್ಟ ಎಲೆಯಡಿಕೆ ನನ್ನ ಬಾಯಿಯಲ್ಲಿ ಇನ್ನೂ ಇತ್ತು. ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ಅಷ್ಟು ದಿನ ಕಳುವಿನ ಮಾಲಿನಿಂದಲೇ ಸುಣ್ಣ ತೆಗೆದು ತಿಂದು, ಅದೇ ಮಾಲನ್ನು ಹುಡುಕಿದ ದಫೇದಾರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ದೇವೀರಮ್ಮನವರು ಕಲ್ಲಿನ ಮೇಲೆ ಕೂತು ಹೇಳಿದರು. "ದೊರೆ ಯಾರಿಗೂ ಕೊಟ್ಟಿದ್ದಲ್ಲ ಇದು. ಅವ್ನು ಊರಿಗೆ ಹೊರಟಾಗ ಪೆಟ್ಟಿಗೆ ಕಟ್ಟೋ ಗಲಾಟೇಲಿ ನಮ್ಮ ಮಾವ, ಇವ್ನ ಅಜ್ಜ, ಎತ್ತಿ ಸೊಂಟಕ್ಕೆ ಸಿಕ್ಸಿಕೊಂಡ್ರು. ದೊರೆ ಎಲ್ಲಾ ಕಡೆ ಹುಡುಕ್ಸಿ, ಸಿಗದೆ, ಬಟ್ಲರನ್ನ ಕಂಬಕ್ಕೆ ಕಟ್ಟಿ ಹೊಡೆಸಿದ್ನಂತೆ. ಪಾಪ, ಆ ಬಟ್ಲರು ಉಟ್ಟ ಬಟ್ಟೇಲಿ ಘಟ್ಟ ಇಳಿದು ಹೋದ. ಮಾವ ನೋಡ್ತಾ ನಿಂತಿದ್ರು. ಸಾಯೋವಾಗ ನನ್ನತ್ರ ಹೇಳಿ ಅತ್ತುಬಿಟ್ರು. ಇವ್ನು ನೋಡಿದ್ರೆ ಶನಿವಾರ ಶನಿವಾರ ದೊರೆ ಅತ್ತ, ಕುದುರೆ ಅತ್ತಿತು ಅಂತ! ಕೇಳಕ್ಕಾಗ್ದೆ, ನನ್ನತ್ರ ಇದ್ದ ಇನ್ನೊಂದು ಬೀಗದ ಕೈಯಲ್ಲಿ ಬೀರು ತೆಗೆದು, ಇದಕ್ಕೆ ಸುಣ್ಣ ತುಂಬ್ಸಿದೆ."

"ಅಮ್ಮಾ, ಮೊದ್ಲೇ ಹೇಳಕ್ಕಾಗ್ಲಿಲ್ವಾ?" ಎಂದರು ಗೌಡರು.

"ಗಿರಿಜೆ ತೆಗ್ದಿಲ್ಲ ಅಂತ ದಿನಾ ಬಡ್ಕೊಂಡೆ. ನಿಂಗೆ ಹೆಂಗೆ ಗೊತ್ತು ಅಂತ ಒಬ್ರಾದ್ರೂ ಕೇಳಿದ್ರಾ? ಇವ್ರು ಎಲೆಯಡಿಕೆ ಹಾಕ್ಕೊಂಡು ಹೋದ್ರು."

ತಂಗಿಯ ಮಗಳೇ, ನಿನಗೂ ನಿನ್ನ ಜೊತೆಯವರಿಗೂ ನಾನು ಹೇಳುವ ಪಾಠ ಇದೊಂದೇ: ಮುದುಕರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ, ಹೇಗೆ ಗೊತ್ತು ಎಂದು ಕೇಳಿ.

ಆದರೆ ಗಿರಿಜಕ್ಕ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. "ಅಮ್ಮಾವ್ರೆ, ಕೇಳದಿದ್ರೂ ಹೇಳ್ಬಹುದಿತ್ತು," ಎಂದಳು. ದೇವೀರಮ್ಮನವರು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.

ಗೌಡರು ಜನರ ಕಡೆ ತಿರುಗಿ, ಮಾಲು ಸಿಕ್ಕಿತಲ್ಲ, ಎಲ್ಲರೂ ಹೊರಡಿ ಎಂಬಂತೆ ಕೈ ಮಾಡಿದರು. ಆಗ ಗಿರಿಜಕ್ಕ ಬಗ್ಗಿ, ಉರುಳಿದ್ದ ಕಾಯಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ, ಗೌಡರ ಕೈಯಿಂದ ತಟ್ಟೆ ತೆಗೆದುಕೊಂಡಳು.

"ಪಾತ್ರಿಗಳೇ, ನಿಲ್ಲಿ. ನಂದೂ ಒಂದು ಹೋಗಿದೆ. ನಾನೂ ಹುಯಿಲು ಕೊಡ್ಬೇಕು."

"ಎಂಥದು ಹೋದದ್ದು?"

"ನನ್ನ ಹೆಸರು. ಹೋದದ್ದು ನನ್ನದು. ದುಡಿದು ಗಳಿಸಿದ್ದು. ಕದ್ದದ್ದಲ್ಲ."

ಒಂದು ಮಾತಿನಲ್ಲೂ ಅವಳು ತಡವರಿಸಲಿಲ್ಲ. ಅಲ್ಲಿದ್ದವರ ಮುಖಗಳನ್ನು ನೀವು ನೋಡಬೇಕಿತ್ತು. ಆ ಮಾಲಿನಲ್ಲಿ ಪಾಲಿಲ್ಲದವರು ಯಾರೂ ಇರಲಿಲ್ಲ. ಲೋಟ ಹಿಂದಕ್ಕೆ ತೆಗೆದವಳು ಗಂಡನ ಬೆನ್ನ ಹಿಂದೆ ಸರಿದಳು. ಮೇಸ್ತ್ರಿ ಕೆನ್ನೆ ಬಡಿದುಕೊಂಡ. ಪುರಾವೆಯಿಲ್ಲದೆ ಏನನ್ನೂ ನಂಬದ ನಮ್ಮ ಸಾಹೇಬರು ನನ್ನ ತೋಳು ಹಿಡಿದು, "ಇದು ಪೊಲೀಸರಿಗೂ ತಗಲುತ್ತೇನ್ರೀ?" ಎಂದು ಪಿಸುಗುಟ್ಟಿದರು. ಪಾತ್ರಿ ಕಾಯಿ ಒಡೆಯಲು ಕತ್ತಿ ಎತ್ತುವಷ್ಟರಲ್ಲಿ ಗೌಡರು ಎರಡೂ ಕೈ ಮುಗಿದರು.

"ಬೇಡ ಗಿರಿಜಾ. ವಾಪಸ್ ಕೊಡ್ತೀನಿ. ಈಗ್ಲೇ, ಇಲ್ಲೇ..."

"ಇಲ್ಲಲ್ಲ ಗೌಡ್ರೆ. ಎಲ್ಲಿಂದ ಎತ್ತಿದ್ರೋ ಅಲ್ಲೇ ತಂದಿಡ್ಬೇಕು. ಚೌಡಿ ಕಟ್ಟಳೆ. ಅಲ್ಲೀವರೆಗೆ ಈ ಕಾಯಿ ನನ್ನತ್ರ ಇರ್ತದೆ."

ಡಬ್ಬಿಯ ಕೇಸನ್ನು ಹಾಗೇ ಮುಚ್ಚಿದೆವು. ಅದು ಈಗಲೂ ಕಲ್ಲುಹೊಳೆಯ ಜಗಲಿಯಲ್ಲಿ ಸುಣ್ಣದ ಡಬ್ಬಿಯೇ. ಹೋಂಸ್ಟೇಗೆ ಬಂದವರಿಗೆ ದೇವೀರಮ್ಮನವರೇ ಅದರ ನಿಜವಾದ ಕಥೆ ಹೇಳುತ್ತಾರೆ, ಬಟ್ಲರನ್ನು ಹೊಡೆಸಿದ ಭಾಗವನ್ನೂ ಬಿಡದೆ. ಅತಿಥಿಗಳು ಹಿಂದಿನ ಕಥೆಗೆ ಫೋಟೋ ತೆಗೆಯುತ್ತಿದ್ದರು, ಈ ಕಥೆಗೆ ಸುಮ್ಮನೆ ಕೂತು ಕೇಳುತ್ತಾರೆ.

ನಾನು ಹೇಳಬೇಕಾದದ್ದು ಬುಧವಾರದ ಮಸ್ಟರು. ಮಾಲು ಹಿಂದಿರುಗಿಸುವುದಕ್ಕೆ ಸಾಕ್ಷಿಯಾಗಿ ನಾವಿಬ್ಬರೂ ಸಮವಸ್ತ್ರದಲ್ಲೇ ಹೋಗಿದ್ದೆವು. ಸ್ಟೋರಿನ ಮುಂದೆ ಆಳುಗಳೆಲ್ಲ ಸೇರಿದ್ದರು. ಗಿರಿಜಕ್ಕ ಮೊದಲಿನಂತೆಯೇ ಕೆಟಲು ಹಿಡಿದು ನಿಂತಿದ್ದಳು, ಆದರೆ ಒಬ್ಬರಿಗೂ ಕಾಫಿ ಬಗ್ಗಿಸಿರಲಿಲ್ಲ. ಗೌಡರು ಮುಂದೆ ಬಂದರು. ಅತಿಥಿಗಳೆದುರು ಗಂಟೆಗಟ್ಟಲೆ ಮಾತಾಡುವ ಮನುಷ್ಯ ತಮ್ಮ ಕಾಲಿನ ಬೂಟು ನೋಡಿಕೊಂಡು, "ಗಿರಿಜಮ್ಮ ಏನೂ ತೆಗ್ದಿರ್ಲಿಲ್ಲ, ತಪ್ಪು ನಂದು," ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಹೊರಟರು.

"ಗೌಡ್ರೆ," ಎಂದಳು ಗಿರಿಜಕ್ಕ. "ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಗೌಡರು ತಲೆಯ ಮೇಲಿನ ಟೋಪಿ ತೆಗೆದು ಇನ್ನೊಮ್ಮೆ ಹೇಳಿದರು. ಆಮೇಲೆ ಅವಳು ಕಾಫಿ ಬಗ್ಗಿಸತೊಡಗಿದಳು.